ನಾವು ಬರೆದ ಶಿಶುಗೀತೆ ಮಕ್ಕಳ ಬಾಯಲ್ಲಿ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಾನು ಒಂದು ಮತ್ತು ಎರಡನೇ ತರಗತಿಗೆ ಪಾಠ ಮಾಡುವ ಶಿಕ್ಷಕಿ. ಆಗಾಗ ಮಕ್ಕಳಿಗಾಗಿ ಪದ್ಯ ಬರೆದು, ನಾನೇ ರಾಗ ಹಾಕಿ ಹಾಡಿಸುತ್ತೇನೆ. ತರಗತಿಯಲ್ಲಿ ಹಾಡುತ್ತಾರೆ, ವಾರ ಬಿಟ್ಟು ಕೇಳಿದರೆ ಒಂದು ಸಾಲೂ ನೆನಪಿರುವುದಿಲ್ಲ. ‘ತುತ್ತೂರಿ’, ‘ನಾಗರ ಹಾವೆ’ ಪದ್ಯಗಳನ್ನಾದರೆ ಎರಡು ಸಲ ಕೇಳಿದರೂ ಸಾಕು, ಆಟದ ಬಯಲಿನಲ್ಲೂ ಹೇಳಿಕೊಂಡು ಓಡಾಡುತ್ತಾರೆ. ಮಕ್ಕಳ ಕಲ್ಪನೆಯನ್ನು ಮುಟ್ಟುವ ಹಾಗೆ ಬರೆಯುವುದು, ಹಾಡಿಸುವುದು ಹೇಗೆ? ನನ್ನದೊಂದು ಪದ್ಯ ಇದು:

ಚಂದಿರ ಮಾಮ ಆಕಾಶದಲ್ಲಿ ಹೊಳೆಯುತ್ತಾನೆ
ಎಲ್ಲ ಮಕ್ಕಳಿಗೂ ಆನಂದ ಕೊಡುತ್ತಾನೆ
ನಾವೂ ಅವನಂತೆ ಬೆಳಕಾಗಬೇಕು
ಒಳ್ಳೆಯ ಅಭ್ಯಾಸ ಕಲಿಯಬೇಕು

ಉತ್ತರ: ನಿಮ್ಮ ಪದ್ಯದಲ್ಲಿ ಎರಡು ತೊಂದರೆಗಳಿವೆ. ಒಂದು ಕಿವಿಯದು, ಇನ್ನೊಂದು ಕಣ್ಣಿನದು. ಕಿವಿಯದನ್ನು ಲೆಕ್ಕ ಹಾಕಿಯೇ ತೋರಿಸಬಹುದು, ಹಾಗಾಗಿ ಅಲ್ಲಿಂದ ಶುರು ಮಾಡೋಣ.

ಶಾಲೆಯಲ್ಲಿ ಕಲಿತ ಲಘು–ಗುರು ಲೆಕ್ಕ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಹ್ರಸ್ವ ಅಕ್ಷರಕ್ಕೆ (ಲಘು) ಒಂದು ಮಾತ್ರೆ, ಅಂದರೆ ಉಚ್ಚರಿಸಲು ಹಿಡಿಯುವ ಕಾಲದ ಒಂದು ಅಳತೆ. ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು (ಗುರು). ನಿಮ್ಮ ಮೊದಲ ಸಾಲು: ಚಂದಿರ 4, ಮಾಮ 3, ಆಕಾಶದಲ್ಲಿ 8, ಹೊಳೆಯುತ್ತಾನೆ 7, ಒಟ್ಟು 22. ಎರಡನೆಯದು 20, ಮೂರನೆಯದು 17, ನಾಲ್ಕನೆಯದು 15. ಸಾಲಿನಿಂದ ಸಾಲಿಗೆ ಅಳತೆ ಬದಲಾಗುವುದು ಮಾತ್ರವಲ್ಲ, ಸಾಲಿನೊಳಗೂ ಹೆಜ್ಜೆ (ಮಾತ್ರೆಗಳ ಗುಂಪು) ಒಂದೇ ಸಮ ಇಲ್ಲ. ಇಂಥ ಪದ್ಯಕ್ಕೆ ರಾಗ ಹಾಕಿದಾಗ, ತಾಳಕ್ಕೆ ಹೊಂದಿಸಲು ರಾಗವೇ ಹ್ರಸ್ವವನ್ನು ಎಳೆಯುತ್ತದೆ, ದೀರ್ಘವನ್ನು ನುಂಗುತ್ತದೆ. ‘ಹೊಳೆಯುತ್ತಾನೆ’ ಎಂಬುದು ‘ಹೋಳೆಯುತಾನೆ’ ಆಗುತ್ತದೆ. ಮಗು ಮಾತನಾಡುವ ಕನ್ನಡದಲ್ಲಿ ಅಂಥ ಶಬ್ದ ಇಲ್ಲ. ಹಾಗಾಗಿ ಅದಕ್ಕೆ ರಾಗ ಮಾತ್ರ ಸಿಗುತ್ತದೆ, ಮಾತು ಸಿಗುವುದಿಲ್ಲ. ನೀವು ಹಾಡುವುದು ನಿಂತ ಮೇಲೆ ರಾಗವೂ ಹೋಗುತ್ತದೆ.

ಈಗ ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಮೊದಲ ಸಾಲು ಅಳೆಯಿರಿ. ಬಣ್ಣದ 4, ತಗಡಿನ 4, ತುತ್ತೂ 4, ಆಮೇಲೆ ‘ರಿ’. ಮುಂದಿನ ಸಾಲು: ಕಾಸಿಗೆ 4, ಕೊಂಡನು 4, ಕಸ್ತೂ 4, ಮತ್ತೆ ‘ರಿ’. ಮೂರು ತುಂಬಿದ ಹೆಜ್ಜೆ, ನಾಲ್ಕನೆಯದರಲ್ಲಿ ಒಂದಕ್ಷರ ಊರಿ ನಿಲುಗಡೆ. ಆ ನಿಲುಗಡೆಯಲ್ಲಿ ಮಗು ಉಸಿರು ತೆಗೆದುಕೊಳ್ಳುತ್ತದೆ. ರಾಗವೇ ಇಲ್ಲದೆ ಸುಮ್ಮನೆ ಹೇಳಿದರೂ ತಾಳ ಕೇಳಿಸುತ್ತದೆ. ಪಂಜೆ ಮಂಗೇಶರಾಯರ ‘ನಾಗರ ಹಾವೆ’ಯೂ ನಾಲ್ಕರ ನಡೆಯದೇ. ಹಾವನ್ನು ‘ಬಾ ಬಾ’ ಎಂದು ಕರೆಯುವುದು, ಕಡೆಗೆ ‘ಪೋ ಪೋ’ ಎಂದು ಅಟ್ಟುವುದು, ಇವೆರಡೂ ಎರಡೆರಡು ಗುರು, ಅಂದರೆ ನೇರ ನಾಲ್ಕು ಮಾತ್ರೆ. ಹಾಗಾಗಿ ಪೂರ್ತಿ ಪದ್ಯ ಬಾರದ ಮಗುವೂ ಅಷ್ಟಕ್ಕೆ ದನಿಗೂಡಿಸುತ್ತದೆ.

ಮೂರು, ನಾಲ್ಕು, ಐದು ಮಾತ್ರೆಯ ನಡೆಗಳು ಹೊಸವೇನಲ್ಲ. ಹಳೆಯ ರಗಳೆಗಳಲ್ಲಿ ಉತ್ಸಾಹ, ಮಂದಾನಿಲ, ಲಲಿತ ಎಂದು ಇದ್ದವೇ. ಮಕ್ಕಳ ಪದ್ಯಕ್ಕೆ ನಡೆ ಆರಿಸುವಾಗ ಇಷ್ಟು ನೆನಪಿಟ್ಟರೆ ಸಾಕು: ಮೂರರ ನಡೆ ತೂಗುತ್ತದೆ (ತೂಗು ತೂಗು ಬಿದಿರ ತೊಟ್ಟಿಲೆ), ನಾಲ್ಕರದು ಕುಣಿಯುತ್ತದೆ, ಐದರದು ಕಾಲು ತಡೆದು ತಡೆದು ನಡೆದ ಹಾಗೆ ಇರುವುದರಿಂದ ಗುಟ್ಟು, ಹೆದರಿಕೆಗೆ ಒಗ್ಗುತ್ತದೆ (ಯಾರದೋ ಮನೆಯೊಳಗೆ ಯಾರದೋ ಸದ್ದು). ಭಾಮಿನಿ ಷಟ್ಪದಿಯ ಮೂರು–ನಾಲ್ಕರ ಬೆರಕೆ ದೊಡ್ಡ ಕಥನಕ್ಕೆ ಅದ್ಭುತ, ಆದರೆ ಆರು ವರ್ಷದ ಮಗು ಅದಕ್ಕೆ ಚಪ್ಪಾಳೆ ಹಾಕಲು ಹೋಗಿ ತಪ್ಪುತ್ತದೆ. ಮೊದಲ ಹತ್ತು ಪದ್ಯ ನಾಲ್ಕರಲ್ಲೇ ಬರೆಯಿರಿ.

ಇನ್ನು ಕಣ್ಣಿನ ತೊಂದರೆ. ಅದೇ ದೊಡ್ಡದು.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಹ್ಯಾಮಲಿನ್ನಿನ ಕೊಳಲುಗಾರನ ಪದ್ಯ ಬರೆದದ್ದು ಒಬ್ಬ ನಟನ ಮಗನಿಗಾಗಿ. ಹುಡುಗ ಕಾಯಿಲೆ ಬಿದ್ದು ಮಲಗಿದ್ದ, ಅವನಿಗೆ ಚಿತ್ರ ಬರೆಯುವ ಹುಚ್ಚು. ಓದಿ ಚಿತ್ರ ಬರೆಯಲಿ ಎಂದೇ ಬರೆದುಕೊಟ್ಟ ಪದ್ಯ ಅದು. 1842ರಲ್ಲಿ ಅಚ್ಚಾಯಿತು. ಮುಂದೆ ಕುವೆಂಪು ಅದೇ ಕಥೆಯನ್ನು ತುಂಗಾ ತೀರಕ್ಕೆ ತಂದು, ಕೊಳಲಿನ ಜಾಗದಲ್ಲಿ ಕಿಂದರಿಯನ್ನು ಜೋಗಿಯ ಕೈಗೆ ಕೊಟ್ಟು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದರು. ಬ್ರೌನಿಂಗ್ ಇಟ್ಟುಕೊಂಡಿದ್ದ ಗುರಿಯನ್ನೇ ನೀವು ಪರೀಕ್ಷೆಯಾಗಿ ಬಳಸಬಹುದು: ಪ್ರತಿ ಸಾಲನ್ನೂ ಮಗು ಬಣ್ಣದ ಕಡ್ಡಿಯಲ್ಲಿ ಬಿಡಿಸಬಹುದೇ? ‘ಆನಂದ ಕೊಡುತ್ತಾನೆ’ ಬಿಡಿಸಲು ಬರುವುದಿಲ್ಲ. ‘ಒಳ್ಳೆಯ ಅಭ್ಯಾಸ’ ಬಿಡಿಸಲು ಬರುವುದಿಲ್ಲ. ನಿಮ್ಮ ನಾಲ್ಕು ಸಾಲಿನಲ್ಲಿ ಚಿತ್ರವಾಗುವುದು ಮೊದಲನೆಯದು ಮಾತ್ರ, ಅದೂ ಮಗುವಿಗೆ ಮೊದಲೇ ಗೊತ್ತಿರುವ ಚಿತ್ರ.

ಬೆರಗು ಹುಟ್ಟಿಸಬೇಕೆಂದು ನಾವು ಸುಂದರ, ಅದ್ಭುತ, ಮಾಯಾ, ಕನಸು ಎಂಬ ಪದಗಳನ್ನು ಸುರಿಯುತ್ತೇವೆ. ಅವು ಬೆರಗುಪಟ್ಟ ದೊಡ್ಡವರ ಅಭಿಪ್ರಾಯ. ಮಗುವಿಗೆ ಬೇಕಾದದ್ದು ಬೆರಗಿಗೆ ಕಾರಣವಾದ ವಸ್ತು, ಅದೂ ಕರಾರುವಾಕ್ಕಾಗಿ. ಚಂದ್ರನ ವಿಷಯದಲ್ಲಿ ಅಂಥದ್ದು ಯಾವುದು? ನಾವು ನಡೆದರೆ ಅವನೂ ಜೊತೆಗೆ ಬರುತ್ತಾನೆ ಎಂಬುದು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳನ್ನು ಮಾತನಾಡಿಸಿ ಇದನ್ನೇ ದಾಖಲಿಸಿದರು. ಚಂದ್ರ ತಮ್ಮನ್ನೇ ಹಿಂಬಾಲಿಸುತ್ತಾನೆ ಎಂದು ಚಿಕ್ಕ ಮಕ್ಕಳು ನಿಜವಾಗಿಯೂ ನಂಬಿರುತ್ತಾರೆ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇರುವುದರಿಂದ ನಮ್ಮ ನೂರು ಹೆಜ್ಜೆಗೆ ಅವನ ದಿಕ್ಕು ಬದಲಾಗುವುದಿಲ್ಲ, ಪಕ್ಕದ ಮರ ಮಾತ್ರ ಹಿಂದೆ ಸರಿಯುತ್ತದೆ. ವಿವರಣೆ ಏಳನೇ ತರಗತಿಗೆ ಇರಲಿ. ಪದ್ಯಕ್ಕೆ ಬೇಕಾದದ್ದು ಮಗು ಕಂಡದ್ದು:

ನಡೆದರೆ ಚಂದಿರ ನಡೆದಿದ್ದ
ನಿಂತರೆ ತಾನೂ ನಿಂತಿದ್ದ
ತೊಟ್ಟಿಯ ನೀರಲಿ ಇಣುಕಿದರೆ
ಆಗಲೆ ಅಲ್ಲಿಗೆ ಬಂದಿದ್ದ!

ಪ್ರತಿ ಸಾಲೂ 4, 4, 4, ಕೊನೆಗೆ ಊರುವ ಒಂದಕ್ಷರ. ‘ಬಾವಿಯ’ ಎಂದರೂ ಅಳತೆ ಅದೇ, ಆದರೆ ‘ತೊಟ್ಟಿಯ’ ಎಂಬುದನ್ನು ಬೇಕೆಂದೇ ಇಟ್ಟದ್ದು. ಪದ್ಯ ಕೇಳಿದ ಮಗು ಅದೇ ರಾತ್ರಿ ಇಣುಕಿ ನೋಡುತ್ತದೆ. ಬಾವಿಗೆ ಇಣುಕುವುದು ಅಪಾಯ, ತೊಟ್ಟಿ ಮಗುವಿನ ಎತ್ತರಕ್ಕೇ ಇರುತ್ತದೆ. ಮಗು ತಾನೇ ಹೋಗಿ ಪರೀಕ್ಷಿಸಬಹುದಾದ ಬೆರಗನ್ನು ಪದ್ಯದಲ್ಲಿಟ್ಟರೆ ಅದು ಮರೆಯುವುದಿಲ್ಲ. ಇಲ್ಲಿ ‘ಸೋಜಿಗ’ ಎಂಬ ಪದ ಇಲ್ಲ ಎಂಬುದನ್ನೂ ಗಮನಿಸಿ. ‘ಆಗಲೆ’ ಎಂಬ ಸಣ್ಣ ಪದವೇ ಆ ಕೆಲಸ ಮಾಡುತ್ತದೆ.

ನೀತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು, ಏಕೆಂದರೆ ನಿಮ್ಮ ಪದ್ಯದ ಅರ್ಧಭಾಗ ಅದೇ ಆಗಿದೆ. ಪದ್ಯದಲ್ಲಿ ನೀತಿ ಇರಬಾರದು ಎಂದು ನನ್ನ ವಾದವಲ್ಲ. ‘ತುತ್ತೂರಿ’ಯಲ್ಲೂ ಜಂಬದ ಪಾಠವಿದೆ. ಆದರೆ ಆ ಪಾಠ ಹೇಗೆ ಬರುತ್ತದೆ ನೋಡಿ: ಕಸ್ತೂರಿ ಮೊದಲು ಸರಿಗಮಪದನಿಸ ಊದುತ್ತಾನೆ, ಇಳಿಕೆಯಲ್ಲೂ ಊದುತ್ತಾನೆ. ತುತ್ತೂರಿ ಕೊಳಕ್ಕೆ ಬಿದ್ದು ನೀರು ತುಂಬಿದ ಮೇಲೆ ಊದಿದರೆ ‘ಗಗಗಗ’ ಎಂಬ ಸದ್ದು ಮಾತ್ರ. ‘ಸರಿಗಮ’ ನಾಲ್ಕು ಮಾತ್ರೆ, ‘ಗಗಗಗ’ವೂ ನಾಲ್ಕು ಮಾತ್ರೆ. ‘ಗ’ ಒಂದು ಸ್ವರವೂ ಹೌದು, ಗಂಟಲು ಕಟ್ಟಿದ ಸದ್ದೂ ಹೌದು. ಇಡೀ ಸಪ್ತಕ ಊದುತ್ತಿದ್ದವನಿಗೆ ಒಂದೇ ಸ್ವರ ಉಳಿಯಿತು, ಅದೂ ಕೆಟ್ಟು ಹೋಗಿ. ಶಿಕ್ಷೆ ಕಿವಿಗೇ ಕೇಳಿಸುತ್ತದೆ. ಮಕ್ಕಳು ಆ ಜಾಗದಲ್ಲಿ ಪ್ರತಿ ಸಲವೂ ನಗುತ್ತಾರೆ. ಜಂಬದ ಕೋಳಿಗೆ ಗೋಳಾಯಿತು ಎಂಬ ಮಾತು ಬರುವುದು ಆಮೇಲೆ, ಕಥೆಯ ಒಂದು ಸಾಲಾಗಿ. ನಿಮ್ಮ ‘ಕಲಿಯಬೇಕು’ ಹಾಗೆ ಘಟನೆಯಿಂದ ಬಂದದ್ದಲ್ಲ, ಮೇಲಿನಿಂದ ಅಂಟಿಸಿದ್ದು. ಅದನ್ನು ತೆಗೆದರೆ ಪದ್ಯಕ್ಕೆ ಏನೂ ನಷ್ಟವಿಲ್ಲ.

ಹೇಳದೆ ಬಿಡುವುದನ್ನು ಕಲಿಯಬೇಕಾದರೆ ಪುರಂದರದಾಸರ ‘ಗುಮ್ಮನ ಕರೆಯದಿರೆ’ ಸಾಕು. ಮಗು ಕೃಷ್ಣ ತಾಯಿಯನ್ನು ಬೇಡುತ್ತಾನೆ: ಸುಮ್ಮನೆ ಇರುತ್ತೇನೆ, ಅಮ್ಮಿ ಬೇಡುವುದಿಲ್ಲ, ಮಮ್ಮು ಉಣ್ಣುತ್ತೇನೆ, ಅಳುವುದಿಲ್ಲ, ಗುಮ್ಮನನ್ನು ಮಾತ್ರ ಕರೆಯಬೇಡ. ಗುಮ್ಮ ಹೇಗಿದ್ದಾನೆ ಎಂಬುದು ಹಾಡಿನಲ್ಲಿ ಇಲ್ಲವೇ ಇಲ್ಲ. ಮಗು ಕೊಡುವ ಮಾತುಗಳ ಉದ್ದದಿಂದಲೇ ಗುಮ್ಮ ಎಷ್ಟು ದೊಡ್ಡವನೆಂದು ಕೇಳುವ ಮಗು ಅಳೆದುಕೊಳ್ಳುತ್ತದೆ. ತರಗತಿಯಲ್ಲಿ ಇದನ್ನು ಹಾಡಿ, ಗುಮ್ಮನ ಚಿತ್ರ ಬರೆಯಲು ಹೇಳಿ. ಮೂವತ್ತು ಮಕ್ಕಳಿದ್ದರೆ ಮೂವತ್ತು ಬಗೆ ಬರುತ್ತದೆ. ನೀವು ಮಾತ್ರ ಮೊದಲೇ ಹಲಗೆಯ ಮೇಲೆ ಕೋರೆಹಲ್ಲಿನ ಗುಮ್ಮನನ್ನು ಬರೆದು ತೋರಿಸಿಬಿಡಬೇಡಿ, ಆಮೇಲೆ ಎಲ್ಲರದೂ ಅದರ ನಕಲೇ ಆಗುತ್ತದೆ.

ಪಂಜೆಯವರ ‘ತೆಂಕಣ ಗಾಳಿಯಾಟ’ದಲ್ಲೂ ಇದೇ ಗುಟ್ಟು. ದೂರದಿಂದ ಬರುತ್ತಿರುವುದು ಪಾತಾಳದ ಹಾವೋ, ಹಸಿದ ಭೂತದ ಕೂಗೋ, ಕಾಲನ ಕೋಣವೋ ಎಂದು ಪದ್ಯ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತದೆ. ಶೀರ್ಷಿಕೆಯನ್ನು ಮೊದಲು ಓದಿದರೆ ಈ ಪ್ರಶ್ನೆಗಳೆಲ್ಲ ವ್ಯರ್ಥ. ಶೀರ್ಷಿಕೆ ಮುಚ್ಚಿಟ್ಟು ಪ್ರಶ್ನೆಯ ಸಾಲುಗಳಷ್ಟನ್ನು ಓದಿ, ‘ಏನಿರಬಹುದು?’ ಎಂದು ಕೇಳಿ, ಬಂದ ಉತ್ತರಗಳಿಗೆಲ್ಲ ತಲೆಯಾಡಿಸಿ, ಆಮೇಲೆ ಮುಂದೆ ಹೋಗಿ.

ಈಗ ಹಾಡಿಸುವ ಮಾತು. ಇಲ್ಲಿ ಹೆಚ್ಚಾಗಿ ಕೆಡುವುದು ಶ್ರುತಿ. ಐದಾರು ವರ್ಷದ ಹೆಚ್ಚಿನ ಮಕ್ಕಳಿಗೆ ಸಲೀಸಾಗಿ ಎಟಕುವುದು ಕೀಬೋರ್ಡಿನ ಮಧ್ಯದ ಸಿ ಮನೆಯಿಂದ ಅದರ ಮೇಲಿನ ಎ ವರೆಗೆ, ಅಂದರೆ ಆರು ಸ್ವರ. ಶಾಸ್ತ್ರೀಯ ಸಂಗೀತ ಕಲಿತ ಹೆಂಗಸರು ತಮ್ಮ ರೂಢಿಯ ಶ್ರುತಿಯಲ್ಲೇ, ಆ ಸಿ ಗಿಂತ ಕೆಳಗಿನ ಜಿ ಅಥವಾ ಜಿ ಶಾರ್ಪ್‌ನಲ್ಲಿ, ಷಡ್ಜ (ಆಧಾರ ಸ್ವರ ‘ಸ’) ಇಟ್ಟುಕೊಂಡು ಹಾಡಿಸಿದರೆ ಕೆಳಗಿನ ಸ್ವರಗಳು ಮಕ್ಕಳಿಗೆ ಎಟಕುವುದಿಲ್ಲ. ಅವರು ಅಲ್ಲಿ ಗೊಣಗುತ್ತಾರೆ, ನಾವು ‘ಈ ಮಗುವಿಗೆ ಸ್ವರಜ್ಞಾನ ಇಲ್ಲ’ ಎಂದು ತೀರ್ಮಾನ ಮಾಡುತ್ತೇವೆ. ಇದು ದೊಡ್ಡ ಅನ್ಯಾಯ. ಗಂಡಸರು ಹಾಡಿಸುವಾಗ ಒಂದು ಸ್ಥಾಯಿ ಕೆಳಗಿರುತ್ತಾರೆ. ಮಕ್ಕಳು ಆ ದಪ್ಪ ದನಿಯನ್ನೇ ಅನುಕರಿಸಲು ಹೋಗುತ್ತಾರೆ. ಆಗ ಸರಿಯಾಗಿ ಹಾಡುವ ಒಂದು ಮಗುವನ್ನು ಮುಂದೆ ನಿಲ್ಲಿಸಿ ಅದರಿಂದಲೇ ಹೇಳಿಸುವುದು ಒಳ್ಳೆಯದು.

ಮಧ್ಯದ ಸಿ ಯನ್ನು ಷಡ್ಜ ಮಾಡಿಕೊಂಡು ಮೋಹನ ರಾಗದ ಐದು ಸ್ವರಗಳಲ್ಲಿ (ಸ ರಿ ಗ ಪ ದ) ಮೇಲಿನ ಪದ್ಯಕ್ಕೆ ಒಂದು ಸರಳ ವರಸೆ ಇದು. ಅಲ್ಪವಿರಾಮ ಒಂದು ಮಾತ್ರೆಯ ಎಳೆತ, ಅಡ್ಡಗೆರೆ ಒಂದು ಹೆಜ್ಜೆ.

ಒಂದನೇ ಸಾಲು: ಗ ಗ ಗ ರಿ | ಗ , ಪ ಪ | ಗ ಗ ರಿ , | ಸ , , ,
ನಾಲ್ಕನೇ ಸಾಲು: ಪ , ಪ ಪ | ದ , ಪ ಪ | ಗ , ರಿ , | ಸ , , ,

ಎರಡನೆಯ ಸಾಲಿಗೆ ಮೊದಲನೆಯದರ ರಾಗವೇ. ಮೂರನೆಯದನ್ನು ಗ–ಪ ನಡುವೆ ಇಟ್ಟು ಕೊನೆಯಲ್ಲಿ ಷಡ್ಜಕ್ಕೆ ಇಳಿಯದೆ ಪಂಚಮದಲ್ಲಿ (ಪ) ನಿಲ್ಲಿಸಿ. ‘ಇಣುಕಿದರೆ’ ಎಂದು ವಾಕ್ಯ ಅರ್ಧಕ್ಕೆ ನಿಂತಾಗ ರಾಗವೂ ಅರ್ಧಕ್ಕೆ ನಿಲ್ಲಬೇಕು. ಧೈವತವನ್ನು (ದ) ಇಡೀ ಪದ್ಯದಲ್ಲಿ ಒಂದೇ ಕಡೆ, ‘ಅಲ್ಲಿಗೆ’ ಎಂಬಲ್ಲಿ, ಬಳಸಿ. ಎಲ್ಲ ಸಾಲಿನಲ್ಲೂ ಮೇಲಕ್ಕೆ ಹೋದರೆ ಆ ಜಾಗದ ಬೆರಗು ಸತ್ತುಹೋಗುತ್ತದೆ. ಒಂದು ಸಾಲಿಗೆ 16 ಮಾತ್ರೆ. ತಾಳದ ಒಂದು ಎಣಿಕೆಗೆ ಎರಡರಂತೆ ಆದಿತಾಳದ ಒಂದು ಆವರ್ತಕ್ಕೆ (ಸುತ್ತಿಗೆ) ಸರಿಹೋಗುತ್ತದೆ. ಮಕ್ಕಳಿಗೆ ತಾಳದ ಬೆರಳೆಣಿಕೆ ಬೇಡ, ಹೆಜ್ಜೆಗೊಂದು ಚಪ್ಪಾಳೆ, ನಿಮಿಷಕ್ಕೆ 60ರಿಂದ 75. ಅದಕ್ಕಿಂತ ನಿಧಾನವಾದರೆ ಒಂದುಸಿರಿಗೆ ಸಾಲು ಮುಗಿಯುವುದಿಲ್ಲ, 90 ದಾಟಿದರೆ ಒತ್ತಕ್ಷರಗಳು ತೇಲಿಹೋಗುತ್ತವೆ.

ಗಮಕ ಹಾಕಬೇಡಿ, ಅಂದರೆ ಸ್ವರವನ್ನು ಬಳುಕಿಸಬೇಡಿ. ನೇರ ಸ್ವರಗಳು ಮಕ್ಕಳ ಕಿವಿಗೆ ಸ್ಪಷ್ಟ. ಮುತ್ತುಸ್ವಾಮಿ ದೀಕ್ಷಿತರ (1775–1835) ನೋಟ್ಟುಸ್ವರಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುವುದು ಇದೇ ಕಾರಣಕ್ಕೆ. ಬ್ರಿಟಿಷ್ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳಿಗೆ ಅವರು ಸಂಸ್ಕೃತದ ಮಾತು ಕೂರಿಸಿದರು. ಶಂಕರಾಭರಣದ ಸ್ವರಗಳು, ಬಳುಕು ಇಲ್ಲ. ‘ಸಂತತಂ ಪಾಹಿಮಾಂ’ ಹಾಡಿನ ಧಾಟಿ ಬ್ರಿಟಿಷರ ರಾಷ್ಟ್ರಗೀತೆಯದ್ದೇ. ನಿಮ್ಮ ಮಕ್ಕಳಿಗೆ ಆರು ಸ್ವರ ಗಟ್ಟಿಯಾದ ಮೇಲೆ ಮುಂದಿನ ಮೆಟ್ಟಿಲಾಗಿ ಅವುಗಳಲ್ಲಿ ಒಂದೆರಡನ್ನು ಆರಿಸಿಕೊಳ್ಳಬಹುದು.

ಕಲಿಸುವ ಕ್ರಮ: ಮೊದಲ ದಿನ ರಾಗವೂ ಬೇಡ, ‘ನನ್ನ ಹಿಂದೆ ಹೇಳಿ’ಯೂ ಬೇಡ. ಚಪ್ಪಾಳೆ ಹಾಕುತ್ತಾ ನೀವೇ ಮೂರು ಸಲ ಹೇಳಿ. ಮಕ್ಕಳು ಚಪ್ಪಾಳೆ ಮಾತ್ರ. ಎರಡನೇ ದಿನ ಪ್ರತಿ ಸಾಲಿನ ಕೊನೆಯ ಪದ ನುಂಗಿ ನಿಲ್ಲಿ. ‘ಬಂದಿದ್ದ’ ಎಂದು ಅವರೇ ಕೂಗುತ್ತಾರೆ. ಮೂರನೇ ದಿನ ರಾಗ. ಒಂದೊಂದು ಸಲವೂ ಹತ್ತು ನಿಮಿಷ ದಾಟಬೇಡಿ. ಸಾಲುಸಾಲಾಗಿ ಒಪ್ಪಿಸುವ ಪದ್ಧತಿಯಲ್ಲಿ ಮಗುವಿಗೆ ಪದ್ಯ ಇಡಿಯಾಗಿ ಕೇಳಿಸುವುದೇ ಇಲ್ಲ, ಎರಡನೇ ಸಾಲಿಗೇ ದಣಿದಿರುತ್ತದೆ. ಮೊಬೈಲಿನ ಸಿದ್ಧ ಸಂಗೀತದ ಟ್ರ್ಯಾಕನ್ನೂ ದೂರ ಇಡಿ: ಅದು ಮಗುವಿಗಾಗಿ ಕಾಯುವುದಿಲ್ಲ, ಅದರ ಸದ್ದಿನಲ್ಲಿ ತನ್ನ ದನಿ ತನಗೇ ಕೇಳದ ಮಗು ಕೂಗಲು ಶುರು ಮಾಡುತ್ತದೆ. ಅಭಿನಯವನ್ನೂ ನೀವು ನಿಗದಿ ಮಾಡಬೇಡಿ. ಎಲ್ಲರೂ ಒಂದೇ ಹೊತ್ತಿಗೆ ತಲೆಯ ಮೇಲೆ ಕೈ ಸುತ್ತಿ ಚಂದ್ರನನ್ನು ತೋರಿಸುವುದು ಶಾಲಾ ವಾರ್ಷಿಕೋತ್ಸವಕ್ಕೆ ಚೆಂದ ಕಾಣುತ್ತದೆ, ಆದರೆ ಅಲ್ಲಿ ಕಲ್ಪನೆ ಇರುವುದಿಲ್ಲ, ಕವಾಯತು ಇರುತ್ತದೆ.

ಕಥೆಗೆ ವಾದ್ಯ ಸೇರಿಸುವ ಆಸೆಯಿದ್ದರೆ ಒಂದು ನಿಯಮ ಸಾಕು: ಒಂದು ಪಾತ್ರಕ್ಕೆ ಒಂದೇ ಸದ್ದು, ಕಥೆಗೆ ಮೊದಲೇ ಅದರ ಪರಿಚಯ. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕಾಗಿ ಸೆರ್ಗೆಯ್ ಪ್ರೊಕೋಫಿಯೆವ್ ರಚಿಸಿದ ‘ಪೀಟರ್ ಮತ್ತು ತೋಳ’ ನಡೆಯುವುದು ಹೀಗೆಯೇ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್, ಪೀಟರನಿಗೆ ತಂತಿವಾದ್ಯಗಳು. ಹಾರ್ನ್ ಕೇಳಿದ ಕೂಡಲೇ ತೋಳ ಬಂತೆಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ನಿಮ್ಮ ತರಗತಿಯಲ್ಲಿ ಹಾರ್ನ್ ಇಲ್ಲದಿದ್ದರೂ ಕಂಜಿರ, ಗೆಜ್ಜೆ, ತೆಂಗಿನ ಚಿಪ್ಪು, ಒಣ ಕಾಳು ಹಾಕಿದ ಡಬ್ಬಿ ಇರುತ್ತವೆ. ಡಬ್ಬಿ ಇಲಿಯದಾದರೆ ಕಥೆ ಮುಗಿಯುವವರೆಗೂ ಅದು ಇಲಿಯದ್ದೇ. ನಡುವೆ ಮಳೆಗೂ ಅದನ್ನೇ ಅಲ್ಲಾಡಿಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಇಲಿಯ ಮಾತು ಬಂದದ್ದರಿಂದ ಕಿಂದರಿಜೋಗಿಯ ಒಂದು ಆಟ ಹೇಳುತ್ತೇನೆ. ಅದರಲ್ಲಿ ಅಣ್ಣಿಲಿ, ತಮ್ಮಿಲಿ, ಮಾವಿಲಿ, ಮುದುಕಿಲಿ ಎಂದು ಇಲಿಗಳ ಸಂಸಾರವೇ ಹೊರಡುತ್ತದೆ, ಪ್ರತಿಯೊಂದೂ ನಾಲ್ಕು ಮಾತ್ರೆ. ಮಕ್ಕಳಿಗೆ ಈ ಪಟ್ಟಿ ಮುಂದುವರಿಸಲು ಬಿಡಿ. ಅಜ್ಜಿಲಿ, ಅತ್ತಿಲಿ ಸಲೀಸಾಗಿ ಬರುತ್ತವೆ. ಯಾರೋ ಒಬ್ಬರು ‘ಚಿಕ್ಕಪ್ಪಿಲಿ’ ಎನ್ನುತ್ತಾರೆ. ಅದು ಆರು ಮಾತ್ರೆ, ಚಪ್ಪಾಳೆ ಎಡವುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ‘ಸೋದರಮಾವಿಲಿ’ ಎಂದರೆ ಎಂಟು, ಎರಡು ಚಪ್ಪಾಳೆಗೆ ಸರಿಯಾಗಿ ಕೂರುತ್ತದೆ. ಛಂದಸ್ಸಿನ ಹೆಸರೂ ಎತ್ತದೆ ಮಕ್ಕಳಿಗೆ ಛಂದಸ್ಸು ಬಂತು. ಅದಕ್ಕಿಂತ ಮುಖ್ಯವಾಗಿ, ಸೋದರಮಾವನಾದ ಇಲಿ ಹೇಗಿರುತ್ತದೆ, ಊರಿಗೆ ಬರುವಾಗ ಏನು ತರುತ್ತದೆ ಎಂಬ ಚರ್ಚೆ ತಾನಾಗಿ ಎದ್ದೇಳುತ್ತದೆ. ಅದನ್ನು ನಿಲ್ಲಿಸಬೇಡಿ.

ಚಂದ್ರನ ಪದ್ಯಕ್ಕೂ ಎರಡನೇ ಚರಣ ನೀವು ಬರೆಯಬೇಡಿ. ‘ಮೋಡದ ಹಿಂದಕೆ ಅಡಗಿದರೆ’ ಎಂಬ ಒಂದು ಸಾಲು ಕೊಟ್ಟು, ಮುಂದಿನ ಸಾಲಿನ ಕೊನೆಗೆ ‘ಬಂದಿದ್ದ’ ಅಥವಾ ‘ನಿಂತಿದ್ದ’ ಇಟ್ಟು, ನಡುವೆ ಎರಡು ಚಪ್ಪಾಳೆಯಷ್ಟು ಜಾಗ ಖಾಲಿ ಬಿಡಿ. ಮಕ್ಕಳು ತುಂಬಿದ್ದು ಎಂಟು ಮಾತ್ರೆಗೆ ಸರಿಹೋಗದಿದ್ದರೆ ಪದ ಬದಲಿಸಲು ನೆರವಾಗಿ. ಅರ್ಥ ವಿಚಿತ್ರವಾಗಿದ್ದರೆ ಹಾಗೇ ಬಿಡಿ.